ಹಳೇ ಮಿಲಿಟರಿ ತೋಟಾ: ಯಾವುದನ್ನು ಕೂಡಿಡಬೇಕು, ಯಾವುದನ್ನು ಹೊಡೆದು ಮುಗಿಸಬೇಕು

ರೈಫಲ್ ತೋಟಾದ ಬುಡ ತಿರುಗಿಸಿ ನೋಡಿದರೆ ಪ್ರೈಮರ್ (ಮೊದಲು ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ) ಸುತ್ತ ಒಂದೆರಡು ಅಕ್ಷರದ ಜೊತೆ 43, 54, 78 ಅಂತ ಒಂದು ಸಂಖ್ಯೆ ಒತ್ತಿರುತ್ತದೆ. ಇಲ್ಲಿ ಟೆಕ್ಸಸ್‌ನಲ್ಲಿ ನಾನು ಹೋಗುವ ಶೂಟಿಂಗ್ ರೇಂಜ್‌ಗೆ ಹೊಸದಾಗಿ ಬಂದ ಹಾಸನದ ಹುಡುಗನೊಬ್ಬ ಅದನ್ನು ನೋಡಿ, "ಅಣ್ಣಾ, ಇದು ಎಕ್ಸ್‌ಪೈರಿ ಆಗಿ ನಲವತ್ತು ವರ್ಷ ಆಯ್ತಲ್ಲ, ಹೊಡೀಬಹುದಾ?" ಅಂತ ಗಾಬರಿಯಿಂದ ಕೇಳಿದ. ಅದು ತೋಟಾ ತಯಾರಾದ ವರ್ಷ ಮಾರಾಯ ಅಂದೆ. ತೋಟಾದ ಮೇಲೆ ಎಕ್ಸ್‌ಪೈರಿ ಯಾರೂ ಹಾಕುವುದಿಲ್ಲ. 1940ರ ದಶಕದ್ದು ಇವತ್ತಿಗೂ ಢಮ್ ಅಂತ ಹೋಗುವುದನ್ನು ನೋಡಿದ್ದೇನೆ, 1980ರ ದಶಕದ್ದು ಪಾಚಿ ಕಟ್ಟಿದ ಹಾಗೆ ಹಸಿರಾಗಿ ಬಿದ್ದಿರುವುದನ್ನೂ ನೋಡಿದ್ದೇನೆ. ವ್ಯತ್ಯಾಸ ಇಷ್ಟೇ, ಮೊದಲನೆಯದು ಬೆಸುಗೆ ಹಾಕಿದ ಡಬ್ಬಿಯಲ್ಲಿತ್ತು, ಎರಡನೆಯದು ಯಾರದೋ ಶೆಡ್‌ನಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿತ್ತು.

ಅವನಿಗೆ ಅವತ್ತು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಇದ್ದು, ಹಳೇ ಮಿಲಿಟರಿ ರೈಫಲ್ ಒಂದನ್ನು ಆಸೆಪಟ್ಟು ತಗೊಂಡು, ಅದಕ್ಕೆ ಯಾವ ಸರ್‌ಪ್ಲಸ್ ತೋಟಾ (ಸೈನ್ಯಗಳು ಬೇಡವೆಂದು ಮಾರಿದ ಹಳೇ ಮಾಲು) ಕೂಡಿಡೋಣ ಅಂತ ತಲೆ ಕೆರೆದುಕೊಳ್ಳುತ್ತಿರುವವರಿಗೆ ಇದು. ಊರಿನಲ್ಲಿ ಇರುವವರಿಗೆ ಇದು ಓದಲಿಕ್ಕೆ ಮಾತ್ರ. ಭಾರತದಲ್ಲಿ .303, ಅಂದರೆ ಹಳೇ ಪೊಲೀಸ್ ರೈಫಲ್‌ನ ಅಳತೆ, ಸಾಮಾನ್ಯರು ಇಟ್ಟುಕೊಳ್ಳುವ ಹಾಗಿಲ್ಲ, ಅದು ನಿಷೇಧಿತ ಬೋರ್ (ನಳಿಗೆಯ ಅಳತೆ).

ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ಎಚ್‌1ಬಿ ತರಹದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಮಾತ್ರವಲ್ಲ, ತೋಟಾ ಇಟ್ಟುಕೊಂಡರೂ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ, ಇನ್ನೂ ಒಂದೆರಡು ವಿನಾಯಿತಿ ಇವೆ, ಆದರೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಗ್ರೀನ್ ಕಾರ್ಡ್ ಇದ್ದರೆ ಈ ತೊಂದರೆ ಇಲ್ಲ. ಎರಡನೆಯದು, ಊರಿಗೆ ಹೋಗುವಾಗ ತಮ್ಮನಿಗೆ ತೋರಿಸೋಣ ಅಂತ ಒಂದೇ ಒಂದು ತೋಟಾ ಬ್ಯಾಗಿಗೆ ಹಾಕಿಕೊಂಡರೂ ವಿಮಾನ ನಿಲ್ದಾಣದಲ್ಲಿ ಆರ್ಮ್ಸ್ ಆಕ್ಟ್ ಕೇಸು ಬೀಳುತ್ತದೆ. ರೇಂಜ್‌ಗೆ ಒಯ್ಯುವ ಬ್ಯಾಗನ್ನೇ ಪ್ರಯಾಣಕ್ಕೂ ಬಳಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಮೂಲೆಯಲ್ಲಿ ಒಂದು ಉಳಿದೇ ಇರುತ್ತದೆ.

ಮದ್ದು ಹಳಸುವುದು ಹೇಗೆ

ನಮ್ಮೂರು ಸೋಮವಾರಪೇಟೆ ಕಡೆ. ಅಜ್ಜನ ಹತ್ತಿರ ಜೋಡಿ ನಳಿಗೆಯ ತೋಟಾ ಕೋವಿ ಒಂದಿತ್ತು. ಆಗಿನ ತೋಟಾಗಳಿಗೆ ಕಾಗದದ ಕೇಸು (ಮದ್ದು ತುಂಬುವ ಕೊಳವೆ), ಮಳೆಗಾಲದಲ್ಲಿ ತೇವ ಹೀರಿ ಊದಿಕೊಂಡರೆ ನಳಿಗೆಯೊಳಗೆ ಹೋಗುತ್ತಲೇ ಇರಲಿಲ್ಲ. ಅದಕ್ಕೆ ಅಜ್ಜ ಅವನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹುರಿದ ಅಕ್ಕಿಯ ಜೊತೆ ತುಂಬಿ, ಬಿರಟೆ ಬಿಗಿದು, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಬಾಟಲಿ ಮತ್ತು ಅಕ್ಕಿ ನೂರಕ್ಕೆ ನೂರು ಸರಿ. ಅಟ್ಟ ಮಾತ್ರ ತಪ್ಪು. ತೇವದಿಂದ ತಪ್ಪಿಸಲು ಹೋಗಿ ಅಜ್ಜ ಅದನ್ನು ಬಿಸಿಗೆ ಕೊಟ್ಟಿದ್ದರು, ಮದ್ದಿನ ಮಟ್ಟಿಗೆ ಬಿಸಿಯೇ ದೊಡ್ಡ ಶತ್ರು.

ರೈಫಲ್ ತೋಟಾದ ಹೊಗೆಯಿಲ್ಲದ ಮದ್ದಿನ ಮೂಲ ನೈಟ್ರೋಸೆಲ್ಯುಲೋಸ್. ಹತ್ತಿಗೆ ಆಸಿಡ್ ಸೇರಿಸಿ ಮಾಡಿದ ವಸ್ತು ಅಂದುಕೊಳ್ಳಿ. ಇದು ತಯಾರಾದ ದಿನದಿಂದಲೇ ತಾನಾಗಿ ನಿಧಾನಕ್ಕೆ ಒಡೆಯುತ್ತಾ ಹೋಗುತ್ತದೆ. ಒಡೆಯುವಾಗ ಆಸಿಡ್ ಗುಣದ ಅನಿಲ ಬಿಡುತ್ತದೆ. ಆ ಅನಿಲವೇ ಉಳಿದ ಮದ್ದನ್ನು ಇನ್ನೂ ಬೇಗ ಒಡೆಯುತ್ತದೆ, ಒಂದು ಕೊಳೆತ ಮಾವಿನಹಣ್ಣು ಬುಟ್ಟಿಯನ್ನೇ ಕೊಳೆಸುವ ಹಾಗೆ. ಇದನ್ನು ತಡೆಯಲು ಮದ್ದಿನಲ್ಲಿ ಡೈಫಿನೈಲಮೀನ್ ಅಥವಾ ಅಂಥದ್ದೇ ಇನ್ನೊಂದು ಸ್ಟೆಬಿಲೈಸರ್ ಬೆರೆಸುತ್ತಾರೆ. ಆ ಅನಿಲವನ್ನು ಹಿಡಿದು ಸುಮ್ಮನಾಗಿಸುವುದೇ ಅದರ ಕೆಲಸ. ತೋಟಾದ ಆಯಸ್ಸು ಅಂದರೆ ಹೆಚ್ಚುಕಡಿಮೆ ಈ ಸ್ಟೆಬಿಲೈಸರ್‌ನ ಆಯಸ್ಸು. ಅದು ಖರ್ಚಾಗುವವರೆಗೆ ಎಲ್ಲ ಸರಿ, ಆಮೇಲೆ ಕೆಡುವ ವೇಗ ಸರ್ರನೆ ಏರುತ್ತದೆ.

ಸ್ಟೆಬಿಲೈಸರ್ ಬೆಲೆ ಏನು ಅಂತ ಫ್ರೆಂಚರಿಗೆ ಗೊತ್ತಾಗಿದ್ದು ಭಾರೀ ನಷ್ಟ ಮಾಡಿಕೊಂಡೇ. ಹೊಗೆಯಿಲ್ಲದ ಮದ್ದನ್ನು ಮೊದಲು ಸೈನ್ಯಕ್ಕೆ ತಂದವರು ಅವರೇ, 1884ರಲ್ಲಿ ಪಾಲ್ ವಿಯೆಯ್ ಮಾಡಿದ ಪೂದ್ರ್ ಬಿ. ಅದು ಕಾಲ ಕಳೆದಂತೆ ತನ್ನಷ್ಟಕ್ಕೇ ಅಸ್ಥಿರ ಆಗುತ್ತಿತ್ತು. 1907ರಲ್ಲಿ ತೂಲಾನ್ ಬಂದರಿನಲ್ಲಿ ಇಯೇನಾ ಅನ್ನುವ ಯುದ್ಧನೌಕೆ, 1911ರಲ್ಲಿ ಅದೇ ಬಂದರಿನಲ್ಲಿ ಲಿಬೆರ್ತೆ ಅನ್ನುವ ಇನ್ನೊಂದು ಸ್ಫೋಟಿಸಿದವು, ನೂರಾರು ಜನ ಸತ್ತರು. ಎರಡಕ್ಕೂ ಬೈಗುಳ ತಿಂದಿದ್ದು ಇದೇ ಹಳಸಿದ ಮದ್ದು. ನಿಮ್ಮ ಬೀರುವಿನಲ್ಲಿರುವ ಇನ್ನೂರು ತೋಟಾ ಹಾಗೆ ಸಿಡಿಯುವುದಿಲ್ಲ, ಹೆದರಬೇಡಿ. ಹಡಗಿನಲ್ಲಿ ಟನ್‌ಗಟ್ಟಲೆ ಮದ್ದು ಒಂದೇ ಕೋಣೆಯಲ್ಲಿ ಬಿಸಿಯಾಗಿ ಕೂತಿತ್ತು. ಆದರೆ ಒಳಗೆ ನಡೆಯುವ ಕೆಲಸ ಅದೇ.

ಬಿಸಿ ಏರಿದ ಹಾಗೆ ಈ ಕೆಲಸ ಚುರುಕಾಗುತ್ತದೆ. ಹತ್ತು ಡಿಗ್ರಿ ಏರಿದರೆ ವೇಗ ಕನಿಷ್ಠ ದುಪ್ಪಟ್ಟು ಅಂತ ಲೆಕ್ಕ ಹಿಡಿಯಿರಿ. ಮನೆಯೊಳಗೆ 20 ಡಿಗ್ರಿಯಲ್ಲಿ ಇಟ್ಟ ತೋಟಾಕ್ಕೂ, ಟೆಕ್ಸಸ್ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಗ್ಯಾರೇಜ್‌ನಲ್ಲಿ ಇಟ್ಟಿದ್ದಕ್ಕೂ ನಾಲ್ಕು ಪಟ್ಟು ವ್ಯತ್ಯಾಸ ಆಯ್ತು. ಹಾಗಾಗಿ "ಎಷ್ಟು ವರ್ಷ ಹಳೇದು" ಅಂತ ಕೇಳುವ ಮೊದಲು "ಎಲ್ಲಿತ್ತು" ಅಂತ ಕೇಳಿ. ಸ್ವಿಟ್ಜರ್ಲೆಂಡ್‌ನ ಉಗ್ರಾಣದಲ್ಲಿ 60 ವರ್ಷ ಇದ್ದದ್ದು, ಬಿಸಿಲು ದೇಶದ ತಗಡಿನ ಗೋದಾಮಿನಲ್ಲಿ 25 ವರ್ಷ ಇದ್ದದ್ದಕ್ಕಿಂತ ಚೆನ್ನಾಗಿರುತ್ತದೆ ಅಂತ ನಾನು ಕಣ್ಣು ಮುಚ್ಚಿ ಹೇಳುತ್ತೇನೆ.

ಹಿತ್ತಾಳೆಯ ಕಥೆ ನಮ್ಮ ಮಳೆಗಾಲದ್ದು

ಮದ್ದು ಚೆನ್ನಾಗಿದ್ದರೂ ಕೇಸು ಕೈಕೊಡಬಹುದು. ಹಿತ್ತಾಳೆ ಕೇಸಿನ ಕತ್ತಿನಲ್ಲಿ ಉದ್ದಕ್ಕೆ ಕೂದಲೆಳೆಯಷ್ಟು ಸೀಳು ಬಿಡುವ ರೋಗಕ್ಕೆ ಲೋಹದವರು ಇಂದಿಗೂ 'ಸೀಸನ್ ಕ್ರ್ಯಾಕಿಂಗ್' ಅನ್ನುತ್ತಾರೆ. ಆ ಸೀಸನ್ ಯಾವುದು ಗೊತ್ತಾ? ನಮ್ಮ ಮಳೆಗಾಲ. ಬ್ರಿಟಿಷ್ ಸೈನ್ಯ ಭಾರತದಲ್ಲಿ ಮಳೆಗಾಲ ಬಂದಾಗ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ನಿಂತು ಹೊರಗೆ ತೆಗೆದರೆ ಕೇಸುಗಳು ತಾವಾಗಿ ಸೀಳಿರುತ್ತಿದ್ದವು. ಕಾರಣ ಪಕ್ಕಾ ಆಗಿದ್ದು 1921ರಲ್ಲಿ: ಕುದುರೆ ಮೂತ್ರದಿಂದ ಬರುವ ಅಮೋನಿಯಾ, ಒದ್ದೆ ಗಾಳಿ, ಜೊತೆಗೆ ಎಳೆದು ಒತ್ತಿ ಮಾಡಿದ ಹಿತ್ತಾಳೆಯೊಳಗೆ ಉಳಿದ ಬಿಗುವು, ಮೂರೂ ಸೇರಿದರೆ ಸೀಳು ಬರುತ್ತದೆ. ಪರಿಹಾರ ಸರಳ, ಕತ್ತಿನ ಭಾಗವನ್ನು ಕಾಯಿಸಿ ಬಿಗುವು ಕಳೆಯುವುದು. ಅಮೆರಿಕದ ಮಿಲಿಟರಿ ತೋಟಾಗಳ ಕತ್ತಿನ ಹತ್ತಿರ ನೀಲಿ-ಕಂದು ಕಲೆ ಕಾಣುತ್ತದಲ್ಲ, ಅದು ಕಾಯಿಸಿದ ಗುರುತು. ಹೊಸಬರು ಅದನ್ನು ನೋಡಿ ಬೆಂಕಿಗೆ ಬಿದ್ದ ಮಾಲು ಅಂತ ಬಿಟ್ಟು ಹೋಗುತ್ತಾರೆ. ಬಿಡಬೇಡಿ, ಅದು ಒಳ್ಳೇ ಲಕ್ಷಣ.

ಇದರಿಂದ ಇನ್ನೊಂದು ಬುದ್ಧಿ ಕಲಿಯಬಹುದು. ಮಾಸಿದ ತೋಟಾ ನೋಡಿ ಪೂಜೆ ಪಾತ್ರೆ ತಿಕ್ಕುವ ಹಾಗೆ ಬ್ರಾಸೋ ಹಾಕಿ ಥಳಥಳ ಮಾಡುವ ಚಪಲ ಬೇಡ. ಅದರಲ್ಲಿ ಅಮೋನಿಯಾ ಇರುತ್ತದೆ. ಒಣ ಬಟ್ಟೆ ಸಾಕು.

ನಳಿಗೆಗೆ ತುಕ್ಕು ತರುವ ಪ್ರೈಮರ್ ಕೆಟ್ಟದ್ದಾ?

ಸರ್‌ಪ್ಲಸ್ ಕೊಳ್ಳುವವರು ಮೊದಲು ಹೆದರುವುದು 'ಕರೋಸಿವ್' ಅನ್ನುವ ಪದಕ್ಕೆ. ಪ್ರೈಮರ್ ಅಂದರೆ ನಮ್ಮ ಕಡೆಯ ಮಾತಿನಲ್ಲಿ ಕೇಪು. ಹಳೇ ಮಿಲಿಟರಿ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯಲ್ಲಿ ಉಳಿಯುತ್ತದೆ. ಅಡುಗೆ ಉಪ್ಪಿನ ಅಣ್ಣನೋ ತಮ್ಮನೋ ಅಂದುಕೊಳ್ಳಿ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡುವ ಹಾಗೆ ಇದೂ ಗಾಳಿಯ ತೇವ ಎಳೆದುಕೊಂಡು ನಳಿಗೆಗೆ ತುಕ್ಕು ಹಿಡಿಸುತ್ತದೆ.

ಆದರೆ ಗಮನಿಸಿ, ಇದು ಹೊಡೆದ ಮೇಲಿನ ಸಮಸ್ಯೆ. ಕೂಡಿಡುವ ವಿಷಯಕ್ಕೆ ಬಂದರೆ ಕ್ಲೋರೇಟ್ ಕೇಪು ತುಂಬ ಗಟ್ಟಿ, ಸೈನ್ಯಗಳು ಅದನ್ನು ಅಷ್ಟು ದಿನ ಬಿಡದೆ ಹಿಡಿದುಕೊಂಡಿದ್ದಕ್ಕೆ ಅದೂ ಒಂದು ಕಾರಣ. ತುಕ್ಕಿನ ಭಯಕ್ಕೆ ಪರಿಹಾರ ನೀರು, ಬರೀ ನೀರು. ಹೊಡೆದ ದಿನವೇ ನಳಿಗೆಗೆ, ಬೋಲ್ಟ್ (ತೋಟಾದ ಹಿಂದೆ ನಳಿಗೆ ಮುಚ್ಚುವ ಭಾಗ) ಮುಖಕ್ಕೆ ಬಿಸಿನೀರು ಹಾಕಿ, ಒರೆಸಿ, ಒಣಗಿಸಿ, ಎಣ್ಣೆ ಹಚ್ಚಿ. ಮರದ ಹಿಡಿಗೆ ನೀರು ಇಳಿಯದಂತೆ ನೋಡಿಕೊಳ್ಳಿ. ಮಾಮೂಲಿ ಗನ್ ಆಯಿಲ್‌ಗೆ ಉಪ್ಪು ಕರಗುವುದಿಲ್ಲ. ಕೆಲವರು ಗಾಜು ಒರೆಸುವ ವಿಂಡೆಕ್ಸ್ ಹೊಡೆಯುತ್ತಾರೆ, ಅದರ ಅಮೋನಿಯಾ ಉಪ್ಪನ್ನು 'ಕೊಲ್ಲುತ್ತದೆ' ಅಂತ ನಂಬಿಕೆ. ಕೆಲಸ ಮಾಡುವುದು ಅದರಲ್ಲಿರುವ ನೀರೇ. ನಲ್ಲಿ ನೀರು ಪುಕ್ಕಟೆ ಸಿಗುವಾಗ ಅದಕ್ಕೆ ಯಾಕೆ ದುಡ್ಡು?

ಎಸ್‌ಕೆಎಸ್, ಗ್ಯಾರಂಡ್ ತರಹ ಮದ್ದಿನ ಗ್ಯಾಸ್‌ನಿಂದಲೇ ಮುಂದಿನ ತೋಟಾ ತುಂಬಿಕೊಳ್ಳುವ ರೈಫಲ್ ಆದರೆ ಈ ಕೆಲಸ ಜಾಸ್ತಿ. ಗ್ಯಾಸ್ ಸಿಲಿಂಡರ್, ಪಿಸ್ಟನ್ ಎಲ್ಲ ತೊಳೆಯಬೇಕು. ಕೈಯಿಂದ ಬೋಲ್ಟ್ ಎಳೆದು ತುಂಬುವ ಬೋಲ್ಟ್ ರೈಫಲ್ ಇದ್ದವರು ಕರೋಸಿವ್ ತಗೊಳ್ಳಿ, ಗ್ಯಾಸ್ ರೈಫಲ್ ಇದ್ದವರು ಸೋಮಾರಿಗಳಾದರೆ ಬಿಡಿ.

ಈಗ ಒಂದೊಂದೇ ಆಯ್ಕೆ

ಕೂಡಿಡಲು ನನ್ನ ಮೊದಲ ಆಯ್ಕೆ ಪೂರ್ವ ಯುರೋಪಿನ 7.62×54ಆರ್, ಅಂದರೆ ಮೋಸಿನ್ ನಾಗಾಂಟ್ ರೈಫಲ್‌ನ ತೋಟಾ. ಸೋವಿಯತ್, ಬಲ್ಗೇರಿಯಾ, ಹಂಗೇರಿ ಮುಂತಾದ ಕಡೆಗಳದ್ದು, ಹೆಚ್ಚಾಗಿ 1950ರಿಂದ 80ರ ದಶಕದವು. ಒಂದು ಡಬ್ಬಿಗೆ 440, ಮರದ ಪೆಟ್ಟಿಗೆಗೆ ಎರಡು ಡಬ್ಬಿ, ಒಟ್ಟು 880. ಇಲ್ಲಿನವರು ಆ ಡಬ್ಬಿಗೆ ಸ್ಪ್ಯಾಮ್ ಕ್ಯಾನ್ ಅನ್ನುತ್ತಾರೆ, ಡಬ್ಬಿ ಮಾಂಸದ ಟಿನ್ನಿನ ಹಾಗೆ ಪೂರ್ತಿ ಮುಚ್ಚಿರುತ್ತದೆ, ಕತ್ತರಿಸಿಯೇ ತೆಗೆಯಬೇಕು. ಗಾಳಿ ಹೋಗುವುದಿಲ್ಲ, ತೇವ ಹೋಗುವುದಿಲ್ಲ. ಒಳಗಿನ ಕಾಗದದ ಪೊಟ್ಟಣ ನಿನ್ನೆ ಕಟ್ಟಿದ ಹಾಗಿರುತ್ತದೆ. ಕರೋಸಿವ್ ಹೌದು. ಕೇಸು ಬಹುಪಾಲು ತಾಮ್ರ ಲೇಪಿಸಿದ ಅಥವಾ ಮೆರುಗೆಣ್ಣೆ ಹಚ್ಚಿದ ಉಕ್ಕು. ಡಬ್ಬಿ ತೆರೆಯುವ ತನಕ ಇದಕ್ಕೆ ಸಾಟಿಯಿಲ್ಲ, ತೆರೆದ ಮೇಲೆ ಮಾತ್ರ ಉಕ್ಕು ಹಿತ್ತಾಳೆಗಿಂತ ಬೇಗ ತುಕ್ಕು ಹಿಡಿಯುತ್ತದೆ. ಹದಿನೈದು ವರ್ಷದ ಹಿಂದೆ ಒಂದು ಡಬ್ಬಿ ನೂರು ಡಾಲರ್ ಒಳಗೇ ಸಿಗುತ್ತಿತ್ತು ಅನ್ನುವುದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. 2021ರಲ್ಲಿ ಅಮೆರಿಕ ರಷ್ಯದಿಂದ ತೋಟಾ ತರಿಸುವುದಕ್ಕೆ ಕಡಿವಾಣ ಹಾಕಿತು. ಇದರ ತಮ್ಮನಂಥ ಎಕೆ-74 ರೈಫಲ್‌ನ ತೋಟಾ 5.45×39 7ಎನ್6 ಇನ್ನೂ ಮೊದಲೇ, 2014ರಲ್ಲಿ, ಕವಚ ಸೀಳುವ ಗುಂಡು ಅಂತ ಲೆಕ್ಕಕ್ಕೆ ಬಂದು ಆಮದು ನಿಂತಿತು. 1080ರ ಆ ಡಬ್ಬಿಗಳು ಈಗ ಚಿನ್ನದ ಹಾಗೆ ಕೈ ಬದಲಾಗುತ್ತಿವೆ.

ಗುಣದಲ್ಲಿ ಮೋಸಿನ್ ತೋಟಾಕ್ಕಿಂತ ಮೇಲೆ ನಿಲ್ಲುವುದು ಸ್ವಿಸ್ಸರ ಜಿಪಿ11. 1911ರಲ್ಲಿ ಬಂದ 7.5×55 ತೋಟಾ, ಗುಂಡಿನ ತೂಕ 174 ಗ್ರೇನ್ (11 ಗ್ರಾಂ ಚಿಲ್ಲರೆ). ಅವರದೇ ಕೆ31 ರೈಫಲ್‌ನಲ್ಲಿ ಹಾಕಿ ಹೊಡೆದು ನೋಡಿ, ಸೈನ್ಯಕ್ಕೆ ಮಾಡಿದ್ದಾ, ಪಂದ್ಯಕ್ಕೆ ಮಾಡಿದ್ದಾ ಅಂತ ಅನುಮಾನ ಬರುತ್ತದೆ. ಗುಂಡು ಕೇಸಿಗೆ ಸೇರುವ ಕಡೆ ಮೇಣದಂಥದ್ದರ ಒಂದು ಉಂಗುರ ಕಟ್ಟಿರುತ್ತಾರೆ, ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವಷ್ಟೇ ಶ್ರದ್ಧೆ. ಅದನ್ನು ಒರೆಸಿ ತೆಗೆಯುವ ಪುಣ್ಯಾತ್ಮರೂ ಇದ್ದಾರೆ, ಅಂಟು ಅಂತ. ಅದು ತೇವ ತಡೆಯಲು ಇರುವುದು ಸ್ವಾಮಿ. ಒಂದೇ ತೊಂದರೆ, ಕೇಪು ಬರ್ಡನ್ ಮಾದರಿಯದು. ಅಂದರೆ ಖಾಲಿ ಕೇಸನ್ನು ಮತ್ತೆ ತುಂಬುವುದು ರಗಳೆ. ನಡುವೆ ಒಂದು ತಮಾಷೆ: ಹಿರಮ್ ಬರ್ಡನ್ ಅಮೆರಿಕದವನು, ಅವನ ಕೇಪು ಯುರೋಪಿನಲ್ಲಿ ಓಡಿತು, ಎಡ್ವರ್ಡ್ ಬಾಕ್ಸರ್ ಇಂಗ್ಲೆಂಡಿನವನು, ಅವನ ಕೇಪು ಅಮೆರಿಕದಲ್ಲಿ ಓಡಿತು. ನೀವು ತೋಟಾ ಮತ್ತೆ ತುಂಬುವವರಾದರೆ ಬಾಕ್ಸರ್ ಹುಡುಕಿ.

ಗ್ಯಾರಂಡ್ ಇದ್ದವರಿಗೆ .30-06 ತೋಟಾ. ಇದರಲ್ಲಿ ನನ್ನ ಮನಸ್ಸು ಗ್ರೀಸ್‌ನ ಎಚ್‌ಎಕ್ಸ್‌ಪಿ ಮುದ್ರೆಯದರ ಮೇಲೆ. ಕರೋಸಿವ್ ಅಲ್ಲ, ಬಾಕ್ಸರ್ ಕೇಪು, ಒಳ್ಳೇ ಹಿತ್ತಾಳೆ, ಸೈನ್ಯದ ಹಳೇ ರೈಫಲ್, ತೋಟಾ ಜನರಿಗೆ ಮಾರುವ ಸಿಎಂಪಿ ಸಂಸ್ಥೆಯ ಮೂಲಕ ವರ್ಷಗಟ್ಟಲೆ ಮಾರಾಟವಾಯಿತು. ಎಂಟೆಂಟರ ಕ್ಲಿಪ್ಪಿನಲ್ಲಿ, ಬಟ್ಟೆಯ ಪಟ್ಟಿಗಳಲ್ಲಿ ಸೇರಿಸಿ, 192 ಇರುವ ಡಬ್ಬಿ ಸಿಕ್ಕರೆ ಯೋಚಿಸಬೇಡಿ. ಎರಡನೇ ಮಹಾಯುದ್ಧದ ಕಾಲದ ಅಮೆರಿಕದ .30-06 ಸಿಕ್ಕರೆ ಅದು ಕರೋಸಿವ್ ಅಂತಲೇ ತಿಳಿಯಿರಿ. ಅದೇ ಕಾಲದ ಎಂ1 ಕಾರ್ಬೈನ್‌ನ ಅಮೆರಿಕನ್ ತೋಟಾ ಮಾತ್ರ ಕರೋಸಿವ್ ಅಲ್ಲ, ಯಾಕಂದರೆ ಅದರ ಗ್ಯಾಸ್ ಪಿಸ್ಟನ್ ಬಿಚ್ಚಿ ತೊಳೆಯುವುದು ಸೈನಿಕನ ಕೈಲಿ ಆಗುವ ಕೆಲಸ ಅಲ್ಲ. ಇನ್ನೊಂದು, ಅಂಗಡಿಯಲ್ಲಿ ಸಿಗುವ ಭಾರೀ ಗುಂಡಿನ ಬೇಟೆ ತೋಟಾವನ್ನು ಗ್ಯಾರಂಡ್‌ಗೆ ಹಾಕಬೇಡಿ, ಆಪರೇಟಿಂಗ್ ರಾಡ್ ಬಾಗುತ್ತದೆ. ಎಂ2 ಬಾಲ್, ಅಂದರೆ ಸೈನ್ಯ ಗ್ಯಾರಂಡ್‌ಗೆ ಹಾಕುತ್ತಿದ್ದ ತೋಟಾ, ಅದರ ಅಳತೆಗೆ ಮಾಡಿದ್ದೇ ಬೇಕು.

8 ಎಂಎಂ ಮೌಸರ್ ಅಗ್ಗ ಅಂತ ಒಂದು ಕಾಲದಲ್ಲಿ ಎಲ್ಲರೂ ಟರ್ಕಿಯದ್ದನ್ನು ಮೂಟೆಗಟ್ಟಲೆ ತಂದರು, 1930-50ರ ದಶಕದ ಮಾಲು. ಹೊಡೆತ ಜೋರು. ಕೇಸಿನ ಕತ್ತು ಸೀಳುವುದರಲ್ಲಿ ಇದಕ್ಕೆ ಹೆಸರಿದೆ, ಹಳೇ ಹಿತ್ತಾಳೆ ಗಡುಸಾಗಿ ಹೋಗಿದೆ. ಕೊಂಡರೆ ಒಂದೊಂದನ್ನೂ ಬೆಳಕಿಗೆ ಹಿಡಿದು ಕತ್ತು ನೋಡಬೇಕು. ಇದಕ್ಕಿಂತ 1950ರ ದಶಕದ ಯುಗೊಸ್ಲಾವಿಯದ್ದು ಎಷ್ಟೋ ವಾಸಿ, ಅದೂ ಕರೋಸಿವ್, ಆದರೆ ಮಾಡಿದ ಕೆಲಸ ನೀಟು.

ಇನ್ನು .303. ಇದರ ಬಗ್ಗೆ ಬರೆಯುವಾಗ ನನ್ನ ಕೈ ಸ್ವಲ್ಪ ನಿಧಾನ ಆಗುತ್ತದೆ. ಯಾಕಂದರೆ ಲೀ-ಎನ್‌ಫೀಲ್ಡ್ ನಾವು ಹುಡುಗರಾಗಿದ್ದಾಗ ಪೊಲೀಸರ ಹೆಗಲ ಮೇಲೆ ನೋಡಿ ಬೆಳೆದ ರೈಫಲ್. 1910ರ ಮಾರ್ಕ್ 7 ತೋಟಾ, 174 ಗ್ರೇನ್ ಗುಂಡು. ಹಳೆಯದರೊಳಗೆ ಇರುವುದು ಕಾಳು ಮದ್ದಲ್ಲ, ಕಾರ್ಡೈಟ್. ಬಿಚ್ಚಿದರೆ ಕೇಸಿನ ಉದ್ದಕ್ಕೂ ಒಣ ಶಾವಿಗೆ ಕಟ್ಟು ಹಾಕಿದ ಹಾಗೆ ಕಡ್ಡಿಗಳು ನಿಂತಿರುತ್ತವೆ. ಕಾರ್ಖಾನೆಯಲ್ಲಿ ಮೊದಲು ನೇರ ಕೇಸಿಗೆ ಶಾವಿಗೆ ಇಳಿಸಿ ಆಮೇಲೆ ಕತ್ತು ಕಿರಿದು ಮಾಡುತ್ತಿದ್ದರು, ಹಾಗಾಗಿ ಒಮ್ಮೆ ಹೊರಗೆ ಎಳೆದರೆ ವಾಪಸ್ ಹಾಕುವುದು ದೊಡ್ಡ ಕಿರಿಕಿರಿ. ನಮ್ಮ ಪಕ್ಕದ ನೀಲಗಿರಿಯ ಅರುವಂಕಾಡಿನಲ್ಲಿ ಬ್ರಿಟಿಷರು ಕಟ್ಟಿದ ಕಾರ್ಡೈಟ್ ಫ್ಯಾಕ್ಟರಿ ಇಂದಿಗೂ ಇದೆ. ಊಟಿ ಟಾಯ್ ಟ್ರೇನ್‌ನಲ್ಲಿ ಹೋದವರು ಆ ಸ್ಟೇಷನ್ ದಾಟಿರುತ್ತೀರಿ. ಮದ್ದಿನ ಕಾರ್ಖಾನೆಯನ್ನು ತಂಪಾದ ಬೆಟ್ಟದ ಮೇಲೆ ಇಟ್ಟಿದ್ದಾರೆ ನೋಡಿ, ನಾವು ಅದರ ಮಾಲನ್ನು ಗ್ಯಾರೇಜ್‌ನಲ್ಲಿ ಬೇಯಿಸುತ್ತೇವೆ. ಕೇಸಿನ ಬುಡದಲ್ಲಿ ಕೆಎಫ್ ಅಂತ ಇದ್ದರೆ ಅದು ಪುಣೆಯ ಖಡ್ಕಿಯ ಕಾರ್ಖಾನೆಯದು.

ಭಾವನೆ ಪಕ್ಕಕ್ಕಿಟ್ಟು ಹೇಳುವುದಾದರೆ, ಹಳೇ ಕಾರ್ಡೈಟ್ .303 ಕೂಡಿಡಲು ಒಳ್ಳೆಯದಲ್ಲ. ಕಾರ್ಡೈಟ್‌ನಲ್ಲಿ ನೈಟ್ರೋಗ್ಲಿಸರಿನ್ ಕೂಡ ಇದೆ, ಬಿಸಿ ಅದಕ್ಕೂ ಆಗುವುದಿಲ್ಲ, ಮತ್ತು ಈ ತೋಟಾಗಳಲ್ಲಿ ಎಷ್ಟೋ ಬಿಸಿ ದೇಶಗಳನ್ನು ಸುತ್ತಿ ಬಂದವು. 1950-60ರ ದಶಕದ ಪಾಕಿಸ್ತಾನದ ಪಿಒಎಫ್ ಮುದ್ರೆಯ .303 ತಡವಾಗಿ ಸಿಡಿಯುವುದಕ್ಕೆ ಶೂಟರ್‌ಗಳ ನಡುವೆ ಕುಖ್ಯಾತ. ಗ್ರೀಸ್‌ನ ಎಚ್‌ಎಕ್ಸ್‌ಪಿ .303 ಸಿಕ್ಕರೆ ಅದು ಬೇರೆ ಮಾತು, ಅದು ಕಾಳು ಮದ್ದಿನ, ಕರೋಸಿವ್ ಅಲ್ಲದ ಒಳ್ಳೇ ಮಾಲು. ಸಿಗದಿದ್ದರೆ ಸರ್‌ಪ್ಲಸ್ ಆಸೆ ಬಿಟ್ಟು ಸರ್ಬಿಯಾದ ಪ್ರ್ವಿ ಪಾರ್ಟಿಜಾನ್ ಅಥವಾ ಜೆಕ್‌ನ ಸೆಲಿಯರ್ ಅಂಡ್ ಬೆಲೊಟ್ ಹೊಸದಾಗಿ ಮಾಡುವ .303 ತಗೊಳ್ಳಿ. ದುಬಾರಿ, ಗೊತ್ತು. ಆದರೆ ಕೇಸು ನಾಲ್ಕೈದು ಸಲ ಮತ್ತೆ ತುಂಬಬಹುದು, ಆ ಲೆಕ್ಕದಲ್ಲಿ ನೋಡಿದರೆ ಹೊಟ್ಟೆಯುರಿ ಸ್ವಲ್ಪ ಕಮ್ಮಿಯಾಗುತ್ತದೆ. ಪ್ರ್ವಿಯವರು 8 ಎಂಎಂ, 7.5 ಸ್ವಿಸ್, 7.62×54ಆರ್ ಕೂಡ ಮಾಡುತ್ತಾರೆ.

ತಡವಾಗಿ ಸಿಡಿದರೆ

ನನಗೇ ಆದದ್ದು ಹೇಳುತ್ತೇನೆ. ಯಾರ ಹತ್ತಿರ ಕೊಂಡೆ, ಯಾವ ಕಾರ್ಖಾನೆಯದು ಅನ್ನುವುದು ಬೇಡ. ಬಿಡಿ ತೋಟಾ, ಪ್ಲಾಸ್ಟಿಕ್ ಚೀಲದಲ್ಲಿ ಐವತ್ತು, ಅಗ್ಗ. ಕುದುರೆ (ಟ್ರಿಗರ್) ಎಳೆದೆ, ಟಿಕ್ ಅಂತು, ಅಷ್ಟೇ. ಸುಟ್ಟಿಲ್ಲ ಅಂದುಕೊಂಡು ಬೋಲ್ಟ್ ಕಡೆ ಕೈ ಹಾಕುವಷ್ಟರಲ್ಲಿ ಢಮ್ ಅಂತು. ಕೈ ಅರ್ಧ ಸೆಕೆಂಡು ಬೇಗ ಹೋಗಿ ಬೋಲ್ಟ್ ತೆರೆದಿದ್ದರೆ ಇದನ್ನು ಇವತ್ತು ಎಡಗೈಯಲ್ಲಿ ಟೈಪ್ ಮಾಡಬೇಕಿತ್ತು. ಟಿಕ್ ಅಂದರೆ ನಳಿಗೆ ಗುರಿಯ ಕಡೆಗೇ ಇರಲಿ, ಬೋಲ್ಟ್ ಮುಟ್ಟಬೇಡಿ. ಸಾಮಾನ್ಯ ನಿಯಮ 30 ಸೆಕೆಂಡು, ಹಳೇ ಮದ್ದಾದರೆ ನಾನು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಇನ್ನೊಂದು ಅಪಾಯ ಟುಸ್ ಅನ್ನುವ ಸದ್ದು. ಮದ್ದು ಸರಿಯಾಗಿ ಉರಿಯದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಸದ್ದು ಎಂದಿನ ಹಾಗೆ ಇಲ್ಲ ಅನ್ನಿಸಿದರೆ ನಿಲ್ಲಿಸಿ, ತೋಟಾ ತೆಗೆದು, ನಳಿಗೆಯಲ್ಲಿ ಬೆಳಕು ಹಾಯುತ್ತದಾ ನೋಡಿ. ಹಿಂದಿನಿಂದ ಇನ್ನೊಂದು ಗುಂಡು ಹೋದರೆ ನಳಿಗೆ ಒಡೆಯುತ್ತದೆ.

ಕೊಳ್ಳುವಾಗ ನೋಡುವುದು

ಗನ್ ಶೋದಲ್ಲಿ ಮೇಜಿನ ಮುಂದೆ ನಿಂತಾಗ ನಾನು ನೋಡುವ ಕ್ರಮ ಹೀಗೆ. ಡಬ್ಬಿ ಮುಚ್ಚಿದ್ದರೆ ಅಂಚು, ಬೆಸುಗೆ, ತುಕ್ಕಿನ ತೂತು ನೋಡುತ್ತೇನೆ, ಕಿವಿ ಹತ್ತಿರ ಅಲ್ಲಾಡಿಸಿ ನೋಡುವ ಚಾಳಿಯೂ ಇದೆ, ಅದರಿಂದ ಏನೂ ಗೊತ್ತಾಗುವುದಿಲ್ಲ ಬಿಡಿ. ಬಿಡಿ ಮಾಲಾದರೆ ಗುಂಡು ಕೇಸಿಗೆ ಸೇರುವ ಕಡೆ ಮತ್ತು ಕೇಪಿನ ಸುತ್ತ ಹಸಿರು ಬಂದಿದೆಯಾ ಅಂತ ನೋಡಿ. ಮೇಲ್ಮೈಯಲ್ಲಿ ಬರೀ ಮಾಸಿದ್ದರೆ ಪರವಾಗಿಲ್ಲ, ಉಗುರಿಗೆ ಸಿಗುವಷ್ಟು ಹಸಿರು ಕಟ್ಟಿದ್ದರೆ ಬೇಡ, ಒಳಗಿನ ಆಸಿಡ್ಡೇ ಹೊರಗೆ ಬಂದಿರಬಹುದು. ಗುಂಡನ್ನು ಬೆರಳಿನಲ್ಲಿ ತಿರುಗಿಸಿದರೆ ತಿರುಗಬಾರದು. ಕೇಪಿನ ಸುತ್ತ ಕೆಂಪೋ ಹಸಿರೋ ನೇರಳೆಯೋ ಬಣ್ಣದ ಅರಗಿನ ಉಂಗುರ ಇದ್ದರೆ ಒಳ್ಳೆಯದು, ಸೈನ್ಯದವರು ತೇವ ತಡೆಯಲು ಹಚ್ಚಿದ್ದು. ಈ ಉಂಗುರದ ಬಣ್ಣ ನೋಡಿ ಪಾಚಿ ಅಂದುಕೊಳ್ಳಬೇಡಿ ಮತ್ತೆ.

ಸಾವಿರ ಕೊಳ್ಳುವ ಮೊದಲು ಅದೇ ಲಾಟ್‌ನಿಂದ (ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ಮಾಡಿದ ಗುಂಪು) ಇಪ್ಪತ್ತು ತಂದು ಹೊಡೆಯಿರಿ. ಜೊತೆಗೆ ಒಂದೆರಡರ ಗುಂಡು ಕಿತ್ತು ಮದ್ದು ಮೂಸಿ ನೋಡಿ, ಅದಕ್ಕೆಂದೇ ಸಿಗುವ ಸುತ್ತಿಗೆ ತರಹದ ಸಾಧನ ಬಳಸಿ, ಇಕ್ಕಳ ಬೇಡ. ಒಳ್ಳೇ ಮದ್ದಿಗೆ ಈಥರ್ ತರಹದ ಸಣ್ಣ ವಾಸನೆ ಇರುತ್ತದೆ. ಹಳಸಿದ್ದು ಹುಳಿ ಹುಳಿಯಾಗಿ ಮೂಗಿಗೆ ಹೊಡೆಯುತ್ತದೆ, ಕೆಲವೊಮ್ಮೆ ತುಕ್ಕಿನ ಬಣ್ಣದ ಪುಡಿ ಬೀಳುತ್ತದೆ. ಆ ವಾಸನೆ ಬಂತಾ, ಚೌಕಾಶಿ ಕೂಡ ಮಾಡಬೇಡಿ, ಮುಂದಿನ ಮೇಜಿಗೆ ಹೋಗಿ.

ಮನೆಯಲ್ಲಿ ಇಡುವುದು

ಮನೆಯೊಳಗಿನ ಕ್ಲಾಸೆಟ್, ನೆಲದ ಹತ್ತಿರ, ಬೀಗ ಹಾಕಿ. ಇದಕ್ಕಿಂತ ಜಾಣತನ ಬೇಡ. ಗ್ಯಾರೇಜ್ ಬೇಡ, ಅಟ್ಟ ಬೇಡ, ಕಾರಿನ ಡಿಕ್ಕಿಯಂತೂ ಬೇಡವೇ ಬೇಡ. ಮುಚ್ಚಿದ ಸ್ಪ್ಯಾಮ್ ಕ್ಯಾನನ್ನು "ಒಳಗೆ ಹೇಗಿದೆ ನೋಡೋಣ" ಅಂತ ಸುಮ್ನೆ ತೆರೆಯಬೇಡಿ. ತೆರೆದರೆ ಅವತ್ತೇ ಎಲ್ಲವನ್ನೂ ರಬ್ಬರ್ ಪಟ್ಟಿ ಇರುವ ಮಿಲಿಟರಿ ಉಕ್ಕಿನ ಡಬ್ಬಿಗೆ ಹಾಕಿ, ಒಂದು ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ತೆರೆದ ತಾರೀಕು ಮಾರ್ಕರ್‌ನಲ್ಲಿ ಬರೆಯಿರಿ. ರಬ್ಬರ್ ಪಟ್ಟಿ ಬಿರಿದಿದ್ದರೆ ಆ ಡಬ್ಬಿ ಬರೀ ಪೆಟ್ಟಿಗೆ. ಚಳಿಯಲ್ಲಿದ್ದ ಡಬ್ಬಿಯನ್ನು ಮನೆಯೊಳಗೆ ತಂದ ಕೂಡಲೇ ತೆರೆಯಬೇಡಿ, ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುವ ಹಾಗೆ ತೋಟಾ ಕೂಡ ಬೆವರುತ್ತದೆ. ಒಂದು ರಾತ್ರಿ ಬಿಡಿ.

ಬೇರೆ ಬೇರೆ ಲಾಟ್ ಒಂದೇ ಡಬ್ಬಿಯಲ್ಲಿ ಬೆರೆಸಬೇಡಿ. ಒಂದು ಲಾಟ್ ಕೆಟ್ಟಿತು ಅಂತ ಗೊತ್ತಾದ ದಿನ ಯಾವುದು ಯಾವುದು ಅಂತ ಒಂದೊಂದೇ ಬುಡ ತಿರುಗಿಸುತ್ತಾ ಕೂರಬೇಕಾಗುತ್ತದೆ. ನಾನು ಕೂತಿದ್ದೇನೆ, ಭಾನುವಾರ ಪೂರ್ತಿ.

ಇಷ್ಟೆಲ್ಲ ಆಗಿ ನನ್ನ ಹತ್ತಿರ ಇರುವುದು ಏನು ಅಂತ ಕೇಳಿದರೆ: ಮೋಸಿನ್‌ಗೆ ತೆರೆಯದ ಎರಡು ಡಬ್ಬಿ, ತೆರೆದದ್ದು ಒಂದು. ಗ್ಯಾರಂಡ್‌ಗೆ ಎಚ್‌ಎಕ್ಸ್‌ಪಿ ಮುಗಿಯುತ್ತಾ ಬಂದಿದೆ, ಮುಂದೆ ಹೊಸದೇ ಕೊಳ್ಳುತ್ತೇನೆ. ಲೀ-ಎನ್‌ಫೀಲ್ಡ್‌ಗೆ ಪೂರ್ತಿ ಹೊಸ ಮಾಲು. ಕೆಎಫ್ ಮುದ್ರೆಯ ಐದು ತೋಟಾ ಇರುವ ಒಂದು ಕ್ಲಿಪ್ ಇದೆ, ಅದನ್ನು ಹೊಡೆಯುವುದಿಲ್ಲ.

ಕೊನೆಗೆ ಕೆಟ್ಟ ತೋಟಾ ಏನು ಮಾಡುವುದು? ಕಸದ ತೊಟ್ಟಿಗೆ ಹಾಕಬೇಡಿ, ಕಸದ ಲಾರಿಯಲ್ಲಿ ಒತ್ತುವ ಯಂತ್ರ ಇರುತ್ತದೆ. ಎಣ್ಣೆಯಲ್ಲಿ ನೆನೆಸಿದರೆ ಸಾಯುತ್ತದೆ ಅನ್ನುವುದನ್ನೂ ನಂಬಬೇಡಿ, ಅರಗು ಹಚ್ಚಿದ ಮಿಲಿಟರಿ ಕೇಪು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಬಹಳಷ್ಟು ರೇಂಜ್‌ಗಳಲ್ಲಿ ಸಿಡಿಯದ ತೋಟಾ ಹಾಕಲೆಂದೇ ಒಂದು ಬಕೆಟ್ ಇರುತ್ತದೆ. ಜಾಸ್ತಿ ಇದ್ದರೆ ಶೆರಿಫ್ ಆಫೀಸಿಗೆ ಫೋನ್ ಮಾಡಿ, ತರಬಹುದಾ ಅಂತ ಕೇಳಿಕೊಂಡು, ಆಮೇಲೆ ತಗೊಂಡು ಹೋಗಿ. ನನ್ನ ಚೀಲದ ಐವತ್ತರಲ್ಲಿ ಉಳಿದಿದ್ದ 37 ಹಾಗೇ ಹೋದವು. ಕೌಂಟರಿನಲ್ಲಿದ್ದ ಅಜ್ಜಪ್ಪ ಒಂದನ್ನು ಎತ್ತಿ ಬುಡ ತಿರುಗಿಸಿ ವರ್ಷ ಓದಿ, "ನನಗಿಂತ ಚಿಕ್ಕದು" ಅಂತ ನಕ್ಕು ಒಳಗೆ ತಗೊಂಡು ಹೋದ.